ಕುಕ್ಕರಿನ ಬೀಫ್ ಚಿಲ್ಲಿ

ಲವೀನಾ ಬಚ್ಚಲಿನ ನಲ್ಲಿಯಡಿ ಕೂತು ಪ್ಲಾಸ್ಟಿಕ್ ಡಬ್ಬಿಗೆ ಅಂಟಿದ ಎಣ್ಣೆಯನ್ನು ಉಜ್ಜಿ ತೆಗೆಯುತ್ತಿದ್ದಳು. ಅದು ಅಂಗಡಿಯ ಬೀಫ್ ಚಿಲ್ಲಿ ಬಂದ ಡಬ್ಬಿ. ಅಡುಗೆಮನೆಯ ಸಿಂಕಿನಲ್ಲಿ ತೊಳೆಯುವಂತಿರಲಿಲ್ಲ. ಮನೆಯಾಕೆ ಹರಿಣಾಕ್ಷಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಗಲ್ಫಿಗೆ ಫುಟ್‌ಬಾಲ್ ವರ್ಲ್ಡ್ ಕಪ್ ನೋಡಲು ಜನ ಬರುತ್ತಾರೆಂದು ಅಲ್ ಸದ್ದ್‌ನ ಮನೆ ಮಾಲಕ ಬಾಡಿಗೆ ಏರಿಸಿದಾಗ, ಲವೀನಾ ಮತ್ತು ಅವಳ ಗಂಡ ಯೂಜಿನ್ ಪಕ್ಕದ ಬಡಾವಣೆ ಬಿನ್ ಒಮ್ರಾನ್‌ಗೆ ಬಂದಿದ್ದರು. ಊರಿಡೀ ಹುಡುಕಿದರೂ ಬೇರೆ ಕೋಣೆ ಸಿಗಲಿಲ್ಲ. ಯೂಜಿನ್‌ನ ಆಫೀಸಿನ ಸಂಕಪ್ಪ ತನ್ನ ಫ್ಲ್ಯಾಟಿನ ಒಂದು ಕೋಣೆ ಕೊಟ್ಟ. ಅವನ ಹೆಂಡತಿ ಹರಿಣಾಕ್ಷಿ ಮೊದಲೇ ಹೇಳಿಬಿಟ್ಟಿದ್ದಳು: "ತಂದು ನಿಮ್ಮ ಕೋಣೆಯಲ್ಲಿ ತಿನ್ನಿ, ನಾನು ನೋಡುವುದಿಲ್ಲ. ಆದ್ರೆ ದನದ್ದು ಈ ಮನೆಯಲ್ಲಿ ಬೇಯಬಾರದು. ಬೆಂದ್ರೆ ಆವತ್ತೇ ಖಲಾಸ್, ಕೋಣೆ ಖಾಲಿ ಮಾಡ್ಬೇಕು."

ಲವೀನಾ ಈಗ ಬಸುರಿ. ಅಂಗಡಿಯ ಚಿಲ್ಲಿಯಲ್ಲಿ ಕ್ಯಾಪ್ಸಿಕಮ್ಮು, ಸಿಹಿ ಸಾಸು; ತಿಂದದ್ದೆಲ್ಲ ವಾಂತಿಯಾಗುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಅಮ್ಮ ಮಾಡುವಂಥದ್ದು: ವಿನೆಗರಿನಲ್ಲಿ ನೆನೆದ ಮಾಂಸ, ಸೀಳಿದ ಹಸಿಮೆಣಸು, ಕರಿಬೇವು, ಕೆಂಪಗೆ ಹುರಿದ ನೀರುಳ್ಳಿ. ಬಯಕೆ ತೀರದಿದ್ದರೆ ಮಗುವಿನ ಕಿವಿ ಸೋರುತ್ತದೆ ಅಂತ ಹರಿಣಾಕ್ಷಿಯೇ ಒಮ್ಮೆ ಹೇಳಿ, ಏನು ಬೇಕೆಂದು ಕೇಳಿದ್ದಳು. ಲವೀನಾ ತಲೆ ತಗ್ಗಿಸಿ, "ಏನೂ ಬೇಡ ಅಕ್ಕ," ಅಂದಿದ್ದಳು.

ಸಂಜೆ ಟಿವಿಯಲ್ಲಿ ಮ್ಯಾಚ್ ನೋಡಲು ಬಂದ ಸಂಕಪ್ಪನ ಗೆಳೆಯರಿಂದ ಹಾಲ್ ತುಂಬಿತು. ಯೂಜಿನ್ ಕೂಡ ಅವರ ನಡುವೆ ಕೂತ. ಲವೀನಾ ಕೋಣೆಯ ಬಾಗಿಲ ಸಂದಿಗೆ ಟವೆಲ್ ತುರುಕಿ, ಅನ್ನ ಮಾಡುವ ಕರೆಂಟಿನ ಕುಕ್ಕರಿನಲ್ಲಿ ಹಸಿಮೆಣಸು ಹಾಕಿ ದನದ ಮಾಂಸ ಇಟ್ಟಳು. ಹಾಲಿಗೂ ಗಾಳಿ ಒಯ್ಯುವ ಎಸಿಯ ಜಾಲರಿ ಅವಳ ಲೆಕ್ಕಕ್ಕೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮೆಣಸಿನ ಘಾಟಿಗೆ ಹಾಲಿನಲ್ಲಿ ಎಲ್ಲರೂ ಕೆಮ್ಮತೊಡಗಿದರು.

"ಎಂಥ ಪರಿಮಳ ಮಾರ್ರೆ," ಅಂದ ಸಂಕಪ್ಪನ ಗೆಳೆಯ ಶರಣ್. "ಕೋಳಿ ಸುಕ್ಕ ಅಲ್ವಾ ಹರಿಣಾಕ್ಷಿಯಕ್ಕ? ಹಾಫ್ ಟೈಮಿಗೆ ತನ್ನಿ."

"ನಾನು ಒಲೆಯೇ ಹಚ್ಚಲಿಲ್ಲ."

ಸಂಕಪ್ಪ ಟಿವಿಯ ಸದ್ದು ಹೆಚ್ಚಿಸಿದ. ಹರಿಣಾಕ್ಷಿ ಬಾಗಿಲು ನೂಕಿಕೊಂಡು ಒಳಗೆ ಬಂದಳು.

"ಒಲೆ ಮುಟ್ಟಲಿಲ್ಲ ಅಕ್ಕ," ಅಂದಳು ಲವೀನಾ.

"ನನಗೆ ಕಾನೂನು ಹೇಳ್ಬೇಡ. ಬಂದವರ ಎದುರು ಮರ್ಯಾದೆ ತೆಗೆದಿ. ಏನು ಬೇಕು ಅಂತ ನಾನೇ ಕೇಳಿದ್ದೆ. ಆಗ ಬಾಯಿ ಸತ್ತಿತ್ತಾ?"

"ಇದು ಬೇಕು ಅಂದಿದ್ರೆ ಮಾಡ್ಲಿಕ್ಕೆ ಬಿಡ್ತಿದ್ರಾ?"

ಹರಿಣಾಕ್ಷಿ ಬಗ್ಗಿ ಪ್ಲಗ್ ಕಿತ್ತಳು. "ಯೂಜಿನ್, ಮ್ಯಾಚ್ ಮುಗಿದ ಮೇಲೆ ಪೆಟ್ಟಿಗೆ ಕಟ್ಟಿ."

ಯೂಜಿನ್ ಬಾಗಿಲವರೆಗೆ ಬಂದ. "ನಾಲಗೆ ಹಿಡಿಯಲಿಕ್ಕೆ ಆಗ್ಲಿಲ್ವಾ ನಿನಗೆ? ಈಗ ಎಲ್ಲಿಗೆ ಹೋಗುವುದು, ಹೇಳು," ಅಂದ ಹೆಂಡತಿಗೆ. ಹಾಲಿನಲ್ಲಿ ಯಾರೋ ನಕ್ಕರು.

ಲವೀನಾ ಮುಚ್ಚಳ ತೆಗೆದು ಒಂದು ತುಂಡನ್ನು ಒತ್ತಿ ನೋಡಿದಳು. ಬೆರಳಿಗೆ ಗಟ್ಟಿಯಾಗಿಯೇ ಸಿಕ್ಕಿತು.

"ಇನ್ನೂ ಬೆಂದಿಲ್ಲ," ಅಂದಳು. "ಅರ್ಧ ಗಂಟೆ ಪ್ಲಗ್ ಹಾಕಿ ಅಕ್ಕ. ತಿಂದು ಹೋಗ್ತೇನೆ."