ಅರ್ಧಕ್ಕೆ ಎದ್ದ ಊಟ

"ಇನ್ನೊಂದು ಸ್ವಲ್ಪ ಅನ್ನ," ಎಂದು ಬೆನಿತಾ ತಟ್ಟೆ ಮುಂದೆ ಮಾಡಿದಳು. ಬೆಳಗಿನಿಂದ ಅವಳಿಗೆ ಇದು ಮೂರನೆಯ ಊಟ.

ಪಾಸಿಂಗ್ ಸೌಟು ಹಿಡಿದುಕೊಂಡೇ ಅವಳನ್ನು ನೋಡಿದಳು. ಮಾತ್‌ನೋಗ್ ಬಂದರಿನ ಗೇಟಿನ ಎದುರು ಊಟದ ಹೋಟೆಲಿಟ್ಟು ಇಪ್ಪತ್ತಾರು ವರ್ಷದಿಂದ ಒಲೆ ಹೊತ್ತಿಸುತ್ತಿರುವವಳು ಪಾಸಿಂಗ್. ಗಂಡ ಉರ್ಬಾನೊ ಸಾರು ಕೊಡುತ್ತಾನೆ, ಸೊಸೆ ತಟ್ಟೆ ತೊಳೆಯುತ್ತಾಳೆ. ಸಾಲಾಗಿಟ್ಟ ಪಾತ್ರೆಗಳ ಮುಚ್ಚಳ ಎತ್ತಿ ಇಣುಕುವ ಗಿರಾಕಿಯ ಮುಖ ಕಂಡರೆ ಸಾಕು, ಇವನು ಯಾವ ಬೋಟಿಗೆ ಹೋಗುವವನು, ಎಷ್ಟು ಖಾರ ತಡೆದುಕೊಳ್ಳುತ್ತಾನೆ ಎಂದು ಪಾಸಿಂಗ್ ಹೇಳಿಬಿಡುತ್ತಾಳೆ. ಈ ಹೆಂಗಸು ಮಾತ್ರ ಅವಳಿಗೆ ಬಗೆಹರಿದಿರಲಿಲ್ಲ. ಮೇಜಿನ ಮೇಲೆ ಆಚೆ ದಡದ ಸಾಮಾರ್ ದ್ವೀಪಕ್ಕೆ ಹೋಗುವ ಟಿಕೆಟ್ಟು, ಮಡಿಲಲ್ಲಿ ಹಳೆ ಬಟ್ಟೆಯಿಂದ ಹೊಲಿದ ಕೂಸಿನ ಹೊದಿಕೆ. ಆಗಲೇ ಎರಡು ಬೋಟು ಹೋಗಿದ್ದವು.

ತೆಂಗಿನ ಹಾಲಿನಲ್ಲಿ ಬೆಂದು ಕರಗಿದ ಕೆಸುವಿನೆಲೆ, ನಡುನಡುವೆ ಹಸಿಮೆಣಸು. ಇಷ್ಟು ಹೆದರಿರುವಾಗಲೂ ನಾಲಿಗೆಗೆ ರುಚಿ ಹತ್ತುತ್ತದಲ್ಲ ಎಂದು ಬೆನಿತಾಳಿಗೆ ತನ್ನ ಮೇಲೆಯೇ ಆಶ್ಚರ್ಯವಾಗುತ್ತಿತ್ತು.

"ಅಕ್ಕಾ, ಇಷ್ಟು ತಿಂದು ಹತ್ತಿದ್ರೆ ಬೋಟು ಮುಳುಗೋದು ಗ್ಯಾರಂಟಿ ನೋಡು!" ಎಂದಳು ಪಾಸಿಂಗ್, ಅನ್ನ ಹಾಕುತ್ತಾ.

"ನೀನು ಹತ್ತಿದಾಗ್ಲೇ ಮುಳುಗ್ಲಿಲ್ಲ, ಬಿಡು," ಎಂದು ಲಾರಿ ಡ್ರೈವರ್ ಗೌದೆನ್ಸಿಯೊ ಹಲ್ಲಿಗೆ ಕಡ್ಡಿ ಹಾಕಿಕೊಂಡೇ ಪಾಸಿಂಗ್‌ಳನ್ನು ಕಿಚಾಯಿಸಿದ. ಎಲ್ಲರೂ ನಕ್ಕರು. ಬೆನಿತಾಳ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು.

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಕಿವಿ ಮಂದವಾದ್ದರಿಂದ ಅವಳು ಸ್ಪೀಕರ್ ಹಾಕಿಯೇ ಮಾತಾಡುವವಳು. ಅಳಿಯನ ದನಿ ಇಡೀ ಹೋಟೆಲಿಗೆ ಕೇಳಿಸಿತು.

"ಅಮ್ಮಾ, ಜೊವೆಲಿನ್‌ಗೆ ನೋವು ಶುರುವಾಗಿದೆ. ನೀವು ಬರೋವರೆಗೂ ಒಳಗೆ ಹೋಗಲ್ಲ ಅಂತ ಆಸ್ಪತ್ರೆ ಬಾಗಿಲಲ್ಲೇ ಕೂತಿದಾಳೆ. ಹೇಳಿ ಹೇಳಿ ಸಾಕಾಯ್ತು. ಎಲ್ಲಿದೀರಿ?"

"ಬೋಟಲ್ಲಿದೀನಿ," ಎಂದಳು ಬೆನಿತಾ.

ನಗುತ್ತಿದ್ದವರೆಲ್ಲ ಅವಳ ಕಡೆ ತಿರುಗಿದರು. ಬಂದರಿನ ಕಟ್ಟೆಯ ಕಡೆಯಿಂದ ಬೋಟು ಒಮ್ಮೆ ಕೂಗಿತು. ಉರ್ಬಾನೊ ಹೊರಗೆ ಹೋಗಿ ಆಕಾಶ ನೋಡಿ ಬಂದ.

"ಗಾಳಿ ಏಳ್ತಾ ಇದೆ. ಇದು ಬಿಟ್ರೆ ಇವತ್ತು ಬೋಟಿಲ್ಲ ತಾಯಿ."

"ಮಗಳು ಕಾಯ್ತಿರೋವಾಗ ಅಳಿಯಂಗೆ ಯಾಕೆ ಹಂಗೆ ಸುಳ್ಳು ಹೇಳ್ದೆ ಅಕ್ಕಾ?" ಪಾಸಿಂಗ್ ಎದುರಿನ ಬೆಂಚಿನಲ್ಲಿ ಕುಳಿತಳು.

ಬೆನಿತಾ ತಟ್ಟೆಯ ಅಂಚು ಹಿಡಿದುಕೊಂಡಳು. ಹನ್ನೊಂದು ವರ್ಷ ಯಾರಿಗೂ ಹೇಳದ ಮಾತು, ಗುರುತಿಲ್ಲದವರ ಮುಂದೆ ತಾನಾಗಿ ಬಂತು.

"ನನ್ನ ಗಂಡ ಎಲ್ಪಿದಿಯೊ ಮೀನಿಗೆ ಹೋಗ್ತಿದ್ದ. ಆವತ್ತು ಊಟ ಮಾಡ್ತಾ ಮಾಡ್ತಾ ಜಗಳ ಆಯ್ತು. ಅರ್ಧಕ್ಕೇ ಎದ್ದು ಹೊರಟ. ನಾನು ತಟ್ಟೆ ತಿರುಗಿಸ್ಲಿಲ್ಲ. ಬೇಕಂತ್ಲೇ ಸುಮ್ನೆ ಕೂತಿದ್ದೆ. ದೋಣಿ ಸಿಕ್ತು, ಅವನು ಸಿಗ್ಲಿಲ್ಲ."

ಅದೇನು ದೊಡ್ಡ ಕೆಲಸವಲ್ಲ. ಊಟದ ಮಧ್ಯೆ ಎದ್ದು ದಾರಿ ಹಿಡಿದವರು ಕ್ಷೇಮವಾಗಿ ಮುಟ್ಟಲಿ ಎಂದು ಉಳಿದವರು ತಮ್ಮ ತಟ್ಟೆಯನ್ನು ಒಂದು ಸುತ್ತು ತಿರುಗಿಸುತ್ತಾರೆ, ಅಷ್ಟೆ. ಅದೆಲ್ಲ ಸುಳ್ಳು ಬಿಡಮ್ಮಾ ಎನ್ನುವವರು ಅಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರೂ ಮನೆಯಲ್ಲಿ ತಟ್ಟೆ ತಿರುಗಿಸುವವರೇ.

"ಈಗ ನಾನು ಅದೇ ನೀರಿಗೆ ಇಳೀಬೇಕು. ಮನೇಲಿ ನಾನೊಬ್ಬಳೇ ಉಂಡು, ನಾನೊಬ್ಬಳೇ ಎದ್ದು ಬಂದೆ. ನಂಗೆ ಯಾರು ತಿರುಗಿಸ್ತಾರೆ?"

ಪಾಸಿಂಗ್ ಎದ್ದು ಹೋಗಿ ಸೌಟು ತುಂಬ ಅನ್ನ ತಂದು ಬೆನಿತಾಳ ತಟ್ಟೆಗೆ ಸುರಿದಳು.

"ಒಂದು ತುತ್ತು ಬಾಯಿಗೆ ಹಾಕ್ಕೋ. ಹಾಂ, ಸಾಕು. ಈಗ ಏಳು."

"ಇನ್ನೂ ಮುಗಿದಿಲ್ವಲ್ಲ..."

"ಮುಗೀಬಾರ್ದು ಕಣೇ! ಮುಗಿಸಿ ಎದ್ದೋರಿಗೆ ಯಾರಾದ್ರೂ ತಿರುಗಿಸ್ತಾರಾ? ಏಳು ಅಂದೆ."

ಗೌದೆನ್ಸಿಯೊ ಹಲ್ಲುಕಡ್ಡಿ ಎಸೆದು ಮತ್ತೆ ಬೆಂಚಿಗೆ ಬಂದು ಕುಳಿತ. "ಏ, ನಂಗೂ ಒಂದು ಸೌಟು ಹಾಕು. ಖಾಲಿ ತಟ್ಟೆ ತಿರುಗಿಸಿ ಏನು ಬಂತು?"

ಅದನ್ನೇ ಕಾಯುತ್ತಿದ್ದವರ ಹಾಗೆ ಉಂಡು ಮುಗಿಸಿದವರೆಲ್ಲ ತಟ್ಟೆ ಚಾಚಿದರು. ಆಗಲೇ ಚೀಲ ಹೆಗಲಿಗೇರಿಸಿದ್ದ ಇಬ್ಬರು ಅದನ್ನು ಇಳಿಸಿ ಕುಳಿತರು. ಉರ್ಬಾನೊ ಓಡಾಡಿ ಒಬ್ಬೊಬ್ಬರಿಗೂ ಹಿಡಿ ಹಿಡಿ ಅನ್ನ ಹಾಕಿದ. ಬೋಟು ಎರಡನೆಯ ಸಲ ಕೂಗಿತು.

ಬೆನಿತಾ ಎದ್ದಳು. ಹೊದಿಕೆಯನ್ನು ಎದೆಗೆ ಅವುಚಿಕೊಂಡು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ಬೆನ್ನ ಹಿಂದೆ ತಟ್ಟೆಗಳು ಮರದ ಮೇಜಿನ ಮೇಲೆ ಉಜ್ಜುವ ಸದ್ದು ಎದ್ದಿತು. ಒಂದಲ್ಲ, ಇಪ್ಪತ್ತು ತಟ್ಟೆಗಳ ಸದ್ದು. ತಡೆಯಲಾಗದೆ ಅವಳು ತಿರುಗಿ ನೋಡಿದಳು. ಡ್ರೈವರುಗಳು, ಒಣಮೀನಿನ ವ್ಯಾಪಾರಿ, ಕಾಲೇಜಿನ ಹುಡುಗಿಯರು, ಎಲ್ಲರೂ ತಲೆ ತಗ್ಗಿಸಿ ಎರಡೂ ಕೈಯಲ್ಲಿ ತಟ್ಟೆ ಹಿಡಿದು ತಿರುಗಿಸುತ್ತಿದ್ದರು. ಮೂಲೆಯಲ್ಲಿದ್ದ ಕನ್ಯಾಸ್ತ್ರೀಯೊಬ್ಬಳು ಶಿಲುಬೆಯ ಸನ್ನೆ ಮಾಡಿಕೊಂಡು, ಇರಲಿ ಎಂದು ಎರಡು ಸುತ್ತು ತಿರುಗಿಸಿದಳು. ಇವರಲ್ಲಿ ಒಬ್ಬರಿಗೂ ತನ್ನ ಹೆಸರು ಗೊತ್ತಿಲ್ಲ. ಬೆನಿತಾಳ ಕಣ್ಣು ತುಂಬಿ ಬಂತು. ಇಷ್ಟೊಂದು ಜನ ಒಟ್ಟಿಗೆ ತನ್ನ ಒಳಿತು ಬಯಸಿದ್ದನ್ನು ಅವಳು ಬದುಕಿನಲ್ಲಿ ಕಂಡಿರಲಿಲ್ಲ.

ಪಾಸಿಂಗ್‌ಳ ಮುಂದೆ ತಟ್ಟೆ ಇರಲಿಲ್ಲ. ಬಡಿಸುವವಳಿಗೆ ಎಲ್ಲಿಯ ಊಟ? ಅವಳು ಸುತ್ತ ನೋಡಿದಳು. ಆಮೇಲೆ ಸೊಂಟಕ್ಕೆ ಕಟ್ಟಿಕೊಂಡಿದ್ದ ಮಸಿಬಟ್ಟೆ ಬಿಚ್ಚಿ ಎರಡೂ ಕೈಗೆ ಸುತ್ತಿಕೊಂಡು, ಒಲೆಯ ಮೇಲಿದ್ದ ಅನ್ನದ ದೊಡ್ಡ ಹಂಡೆಯನ್ನು ಗಟ್ಟಿಯಾಗಿ ಹಿಡಿದಳು. ಹಬೆ ಮುಖಕ್ಕೆ ಹೊಡೆಯಿತು. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಇಡೀ ಹಂಡೆಯನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದಳು.

"ಹೋಗು, ಹೋಗು! ನಿಂತು ನೋಡ್ತಾಳಂತೆ," ಎಂದು ಏದುಸಿರಲ್ಲೇ ಗದರಿದಳು.

ಸ್ವಲ್ಪ ಹೊತ್ತಿಗೆ ಬೋಟು ಕಟ್ಟೆ ಬಿಟ್ಟಿತು. ಬೆನಿತಾ ಕಂಬಿ ಹಿಡಿದು ನಿಂತಿದ್ದಳು. ಕೆಳಗೆ ನೀರು ಕಪ್ಪಗೆ ಹರಡುತ್ತಿತ್ತು. ಬಾಯಲ್ಲಿ ಆ ಒಂದು ತುತ್ತು ಇನ್ನೂ ಹಾಗೆಯೇ ಇತ್ತು. ನೀರನ್ನು ನೋಡುತ್ತಾ ಅವಳು ಅದನ್ನು ಮೆಲ್ಲಗೆ ಅಗಿಯತೊಡಗಿದಳು.