ಹೊಳೆಪ್ಪನ ಒತ್ತು

ಎರಡು ಸಾವಿರದ ಎರಡನೇ ಇಸವಿಯ ಆ ಒಂದು ವಾರ ದಾನಮ್ಮನ ಬೆರಳುಗಳು ಸುಮ್ಮನೆ ಕೂತಿದ್ದೇ ಇಲ್ಲ. ಬಿಟಿಎಂ ಬಡಾವಣೆಯಿಂದ ಬಸ್ಸು ಹತ್ತಿದರೆ ಊಟದ ಡಬ್ಬಿಯ ಮೇಲೆ, ಭಾನುವಾರ ಗಂಡ ಮಗ್ಗುಲಾಗಿ ಬಿದ್ದರೆ ಅವನ ಬೆನ್ನ ಮೇಲೆ ಕುಟ್ಟುತ್ತಲೇ ಇದ್ದವು.

"ನನ್ನ ಬೆನ್ನೇನು ನಿಮ್ಮ ಅಂಗಡಿ ಕೀಬೋರ್ಡೇನ?" ಅಂತ ಅವನು ಗೊಣಗುತ್ತಿದ್ದ. ಅವಳು ಕುಟ್ಟುತ್ತಿದ್ದದ್ದು ಅವನ ಹೆಸರನ್ನೇ. ಗಂಡನ ಹೆಸರು ಬಾಯಿಬಿಟ್ಟು ಹೇಳಿದವಳಲ್ಲ. ಬೆರಳಿಗೆಲ್ಲಿಯ ಮಡಿ?

ಹದಿನೆಂಟು ವರ್ಷ ಕನ್ನಡ ಟೈಪ್‌ರೈಟರ್ ಕುಟ್ಟಿದವಳು. ಜಯನಗರದ ಡಿಟಿಪಿ ಅಂಗಡಿಯಲ್ಲಿ ಕಂಪ್ಯೂಟರಿಗೂ ಅದೇ ಹಳೇ ಕೀಲಿ ಜೋಡಣೆ ಹಾಕಿಕೊಂಡು ಕಾಲ ತಳ್ಳಿದ್ದಳು. ಈಗ ಮಾಲೀಕ ದೇವದಾಸ್ ಹೊಸದು ಕಲಿಯಿರಿ ಎಂದು ಪಟ್ಟು ಹಿಡಿದಿದ್ದ. ಕ ಬೇಕೆಂದರೆ ಕೆ, ಪ ಬೇಕೆಂದರೆ ಪಿ, ಒತ್ತಕ್ಷರಕ್ಕೆ ನಡುವೆ ಎಫ್.

"ಶನಿವಾರ ಹತ್ತು ನಿಮಿಷದಲ್ಲಿ ಒಂದು ಪುಟ ಹೊಡೀಬೇಕು. ಆಗ್ಲಿಲ್ವಾ, ನಿಮ್ಮ ಸೀಟು ಆ ಹೊಸ ಹುಡುಗಿ ಇಂಚರಂಗೆ."

ಶನಿವಾರ ಬಂತು. ಯಾವುದೋ ಮಹಿಳಾ ಸಂಘದ ವರದಿ ಎದುರಿಗಿತ್ತು. ಟೈಪಿಂಗ್ ಮೇಷ್ಟ್ರು ಕಲಿಸಿದ ಹಾಗೆ ಕಣ್ಣು ಹಾಳೆ ಮೇಲೆ ನೆಟ್ಟವಳು ತಲೆ ಎತ್ತಲಿಲ್ಲ. ಹೊಸ ಜೋಡಣೆಯಲ್ಲೇ ಬೆರಳು ಕುದುರೆಯಾದವು. ಆರೇ ನಿಮಿಷಕ್ಕೆ ಪುಟ ಮುಗಿಸಿ ನೋಡುತ್ತಾಳೆ, ಪರದೆ ತುಂಬ ತಲೆಬುಡವಿಲ್ಲದ ಕಸ.

"ಏನ್ ದಾನಮ್ಮನೋರೇ, ಇದು ಕನ್ನಡಾನಾ ಕಾಗೆ ಕಾಲಾ?" ದೇವದಾಸ್ ನಕ್ಕ.

ಪಕ್ಕದಲ್ಲಿದ್ದ ಇಂಚರಳ ಮುಖ ಬಿಳಿಚಿಕೊಂಡಿತು. "ಸಾರಿ ಆಂಟಿ, ನಾನೇ... ನಿಮಗೆ ಈಸಿ ಆಗ್ಲಿ ಅಂತ ಕೀಬೋರ್ಡನ್ನ ಹಳೇ ಜೋಡಣೆಗೆ ಬದಲಾಯಿಸಿಟ್ಟಿದ್ದೆ."

"ಯಾರ ಕೇಳಿದ್ರ ನಿನ್ನ? ನಡಿಯಾಕಿ ಕಾಲಾಗ ಊರುಗೋಲ ಹಾಕಿ ಕೆಡವಿದೆಲ್ಲ!"

ಇನ್ನು ನಾಲ್ಕು ನಿಮಿಷ. ಬೈಯುತ್ತ ಕೂತರೆ ಅದೂ ಹೋಗುತ್ತದೆ. ಕಸವನ್ನೆಲ್ಲ ಅಳಿಸಿ, ಹೊಸ ಜೋಡಣೆಗೆ ಬದಲಾಯಿಸಿ, ಒತ್ತು ಕೂರುತ್ತದೋ ಇಲ್ಲವೋ ಎಂದು ಒಂದು ಪದ ಹೊಡೆದು ನೋಡಿದಳು. ಕೂತಿತು. ಮೇಷ್ಟ್ರ ಮಾತು ಗಾಳಿಗೆ ತೂರಿ, ಈ ಸಲ ಪರದೆಯನ್ನೇ ನುಂಗುವ ಹಾಗೆ ನೋಡುತ್ತ ಕುಟ್ಟಿದಳು.

ಅರ್ಧ ಪುಟಕ್ಕೆ ಸಮಯ ಮುಗಿಯಿತು. ದೇವದಾಸ್ ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದ. ಪೆನ್ಸಿಲ್‌ಗೆ ಕೆಲಸವೇ ಸಿಗಲಿಲ್ಲ.

"ಅರ್ಧಾನೇ ಆಯ್ತಲ್ಲ?"

"ಇನ್ನರ್ಧ ಈ ಹುಡುಗೀ ಕನಿಕರ ನುಂಗೇತ್ರಿ."

ಅವನು ಗಲ್ಲ ಕೆರೆದುಕೊಂಡ. "ಸರಿ, ಸೀಟು ನಿಮ್ದೇ, ಸೋಮವಾರ ಬೇಗ ಬನ್ನಿ. ಅದಿರ್ಲಿ, ಪುಟದ ತಲೆ ಮೇಲೆ ಒಬ್ನೇ ನಿಂತಿದಾನಲ್ಲ ಹೊಳೆಪ್ಪ, ಇವನ್ಯಾರು? ವರದೀಲಿ ಇಲ್ವಲ್ಲ?"

ಅಷ್ಟು ಹೊತ್ತೂ ಕೆಂಡವಾಗಿದ್ದ ದಾನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಮ್ಮ ಮನಿಯವರ್ರಿ."