ಅತ್ತೆಯ ಗೋಲು ಇರುವ ಕ್ಯಾಸೆಟ್

‘ಇವತ್ತು ಅತ್ತೆಗೆ ಸುಳ್ಳು ಹೇಳಿದೆ. ಅದೂ ಒಂದೇ ಅಕ್ಷರದ ಸುಳ್ಳು’ ಎಂದು ಶುಕ್ರವಾರ ಸಂಜೆ ಅವಳು ಡೈರಿಯಲ್ಲಿ ಬರೆದುಕೊಂಡಳು.

“ವಿಸಿಆರ್ ರಿಪೇರಿ ಆಯ್ತಲ್ವೇನೇ?” ಎಂದು ಅತ್ತೆ ಫೋನಿನಲ್ಲಿ ಕೇಳಿದ್ದರು. ಇವಳು “ಹೂಂ” ಎಂದಿದ್ದಳು. ಆಗಿರಲಿಲ್ಲ. ಮೇಲಿನ ಮುಚ್ಚಳದ ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ. ಡಿಗ್ರಿ ಮುಗಿಸಿ ವರ್ಷವಾಗಿದ್ದರೂ ಯಾರು ಏನು ಕೇಳಿದರೂ ಅವಳ ಬಾಯಿಂದ ಮೊದಲು ಹೊರಡುತ್ತಿದ್ದುದು ಅದೊಂದೇ. ಹಾಗಾಗಿ ಮನೆಯಲ್ಲಿ ಅವಳಿಗೆ ಹೂಂರಾಣಿ ಎಂದೇ ಹೆಸರು.

ಅತ್ತೆ ಎಂದರೆ ಅಪ್ಪನ ಅಕ್ಕ. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವರು. ಕೊನೇ ನಿಮಿಷದಲ್ಲಿ ಒಂದು ಗೋಲು ಹೊಡೆದು ತಂಡವನ್ನು ಗೆಲ್ಲಿಸಿದೆ ಎನ್ನುವುದು ಅವರ ಮಾತು. ಅಪ್ಪ ಮೂವತ್ತು ವರ್ಷಗಳಿಂದ ಅದನ್ನು ನಂಬಿದವರಲ್ಲ. “ಗೋಲು ಹೊಡೆದೋಳು ಬೇರೆ ಯಾರೋ. ನೀನು ಚಪ್ಪಾಳೆ ಹೊಡೆದಿರ್ತೀಯ” ಎಂದು ಸಿಕ್ಕಾಗಲೆಲ್ಲ ಕಾಲೆಳೆಯುತ್ತಿದ್ದರು. ಆಟವನ್ನು ಯಾರೋ ಚಿತ್ರೀಕರಿಸಿದ್ದ ಒಂದೇ ಒಂದು ಕ್ಯಾಸೆಟ್ ಅತ್ತೆಯ ಬೀರುವಿನಲ್ಲಿತ್ತು. ಪ್ರತಿ ಮಾಡಿಸೋಣವೆಂದರೆ, ಅಂಗಡಿಯವರ ಕೈಗೆ ಅದನ್ನು ಕೊಡಲು ಅವರು ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ.

“ಸೋಮವಾರ ಮೊಣಕಾಲು ಆಪರೇಷನ್ ಕಣೇ. ಭಾನುವಾರ ಬರ್ತೀನಿ. ಡಾಕ್ಟರು ಚಾಕು ಹಾಕೋ ಮುಂಚೆ, ಈ ಕಾಲು ಏನು ಮಾಡಿತ್ತು ಅಂತ ಒಂದ್ಸಲ ಕಣ್ಣಾರೆ ನೋಡ್ಬೇಕು” ಎಂದಿದ್ದರು ಅತ್ತೆ.

ಹಾಗಾಗಿ ಅವಳಿಗಿದ್ದದ್ದು ಒಂದೂವರೆ ದಿನ. ಸುಳ್ಳನ್ನು ನಿಜ ಮಾಡಿಬಿಟ್ಟರೆ ಅದು ಸುಳ್ಳೇ ಅಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಶನಿವಾರ ಬೆಳಿಗ್ಗೆ ಪ್ಲಗ್ ಕಿತ್ತು, ಊಟದ ಮೇಜಿನ ಮೇಲೆ ಹಳೇ ಹಾಸಿಗೆ ಚಾದರ ಹಾಸಿ ವಿಸಿಆರನ್ನು ಬಿಚ್ಚಿದಳು. ಡೈರಿಯ ಖಾಲಿ ಪುಟದಲ್ಲಿ ಪೆಟ್ಟಿಗೆಯ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಚಿತ್ರದ ಅದೇ ಜಾಗಕ್ಕೆ ಟೇಪಿನಿಂದ ಅಂಟಿಸಿದಳು. ಬ್ರಷ್ಷಿನಿಂದ ಧೂಳು ಗುಡಿಸಿದಳು. ಸತ್ತ ಜಿರಲೆಯೊಂದನ್ನು ಕಣ್ಣು ಮುಚ್ಚಿಕೊಂಡೇ ಎತ್ತಿ ಬಿಸಾಡಿದಳು.

“ಶಾಕ್ ಹೊಡೆಸ್ಕೊಂಡು ಆಗಲೂ ಹೂಂ ಅಂದೀಯ ಮತ್ತೆ!” ಎಂದರು ಅಪ್ಪ, ಪೇಪರಿನ ಹಿಂದಿನಿಂದ.

ಮುಚ್ಚಳ ತೆಗೆದಿಟ್ಟೇ ಮತ್ತೆ ಪ್ಲಗ್ ಹಾಕಿ, ದೂರದಿಂದ ಗುಂಡಿ ಒತ್ತಿದಳು. ಪ್ರಯೋಗಕ್ಕೆಂದು ಅಪ್ಪನ ಹಳೇ ಟೈಪಿಂಗ್ ಪಾಠದ ಕ್ಯಾಸೆಟ್ ಇತ್ತು. ಹೋದರೆ ಯಾರೂ ಅಳುವವರಿರಲಿಲ್ಲ. ಚಿತ್ರವೇನೋ ಬಂತು. ಕ್ಯಾಸೆಟ್ ಹೊರಗೆ ಬರುವಾಗ ಮಾತ್ರ ಟೇಪು ಕರುಳಿನಂತೆ ಜೋತುಬಿದ್ದು, ಬಾಗಿಲಿಗೆ ಸಿಕ್ಕಿ ಸುಕ್ಕಾಯಿತು. ಅವಳು ತಲೆಯ ಮೇಲೆ ಕೈ ಹೊತ್ತು ಕೂರಲಿಲ್ಲ. ಮತ್ತೆ ಹಾಕಿ, ಮತ್ತೆ ತೆಗೆದು, ಕಣ್ಣು ಕಿರಿದು ಮಾಡಿ ನೋಡಿದಳು. ಹೊರಗೆಳೆದ ಟೇಪನ್ನು ವಾಪಸ್ ಸುತ್ತಬೇಕಾದ ಪುಟ್ಟ ಚಕ್ರವೊಂದು ತಿರುಗುತ್ತಲೇ ಜಾರುತ್ತಿತ್ತು. ಅದರ ಸುತ್ತಲಿನ ರಬ್ಬರ್ ಉಂಗುರ ಗಟ್ಟಿಯಾಗಿ, ಗಾಜಿನಂತೆ ಹೊಳೆಯುತ್ತಿತ್ತು.

ಬೀದಿಯ ಮೂಲೆಯಲ್ಲಿ ರೇಡಿಯೋ ಮಾಮನ ಅಂಗಡಿ. ಈಗ ಮಾರುವುದು ಮೊಬೈಲ್ ಕವರುಗಳನ್ನೇ ಆದರೂ ಹೆಸರು ಹಳೆಯದೇ ಉಳಿದಿತ್ತು. ಅವಳು ಐದು ನಿಮಿಷ ಸುಮ್ಮನೆ ನಿಂತು, ಕೊನೆಗೆ ಡೈರಿ ತೆರೆದು ಚಕ್ರದ ಚಿತ್ರವನ್ನು ಅವರ ಮುಂದೆ ಹಿಡಿದಳು.

“ಬಾಯಿ ಮನೇಲಿಟ್ಟು ಬಂದ್ಯೇನಮ್ಮಾ?” ಎಂದು ನಕ್ಕ ಮಾಮ, ಚಿತ್ರ ನೋಡಿದ್ದೇ ಗಂಭೀರವಾದರು. ತಗಡಿನ ಡಬ್ಬಿಯನ್ನು ಕೆದಕಿ ಒಂದು ಉಂಗುರ ಹುಡುಕಿ ಕೊಟ್ಟರು. “ಅಳತೆ ಹೆಚ್ಚೂಕಡಿಮೆ ಸರಿಹೋಗ್ಬೋದು. ಆದ್ರೆ ಒಂದು ಮಾತು. ಹಾಳು ಕ್ಯಾಸೆಟ್ಟನ್ನ ಹತ್ತು ಸಲ ಹಾಕಿ ತೆಗಿ. ಹತ್ತಕ್ಕೆ ಹತ್ತೂ ಸರಿಯಾಗಿ ಬಂದ್ರೆ ಮಾತ್ರ ಒಳ್ಳೇದು ಹಾಕು. ಒಂಬತ್ತು ಸಲ ಬಂತು ಅಂತ ಹಾಕಿ ಗಿರಾಕಿಯ ಮದುವೆ ಕ್ಯಾಸೆಟ್ಟನ್ನ ಮೆಷಿನ್ನಿಗೆ ತಿನ್ನಿಸಿದೋನು ನಾನು. ಆ ಹೆಂಗಸು ಅತ್ತಿದ್ದು ಇನ್ನೂ ಕಿವೀಲಿದೆ.”

ಭಾನುವಾರ ಬೆಳಗಾಗುತ್ತಲೇ ಉಂಗುರ ಕೂರಿಸಿದಳು. ಡೈರಿಯಲ್ಲಿ ಗೆರೆ ಎಳೆಯುತ್ತಾ ಎಣಿಸಿದಳು. ಆರು ಸಲ ಸರಿಯಾಯಿತು, ಏಳನೆಯದು ಸಿಕ್ಕಿಹಾಕಿಕೊಂಡಿತು. ಬಿಚ್ಚಿದಳು. ಮರಳು ಕಾಗದದಿಂದ ಉಂಗುರದ ಅಂಚನ್ನು ಹಗುರಾಗಿ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ ಮತ್ತೆ ಕೂರಿಸಿದಳು. ಮತ್ತೆ ಒಂದರಿಂದ ಎಣಿಸಿದಳು. ಎಂಟು ಸರಿಯಾಯಿತು. ಒಂಬತ್ತೂ ಸರಿಯಾಯಿತು. ಹತ್ತನೆಯ ಸಲ ಟೇಪಿನ ಒಂದು ಸಣ್ಣ ಕುಣಿಕೆ ಹೊರಗೇ ಉಳಿಯಿತು. ಹಲ್ಲು ಕಚ್ಚಿ ಮೂರನೆಯ ಬಾರಿ ಬಿಚ್ಚಲು ಸ್ಕ್ರೂಡ್ರೈವರ್ ಎತ್ತಿಕೊಳ್ಳುವಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು.

ಅತ್ತೆ ಕೋಲೂರಿಕೊಂಡು ಒಳಗೆ ಬಂದರು. “ಎಲ್ಲಿ ಸಿನಿಮಾ ಥಿಯೇಟರು?”

“ಕೂತ್ಕೋ ಅಕ್ಕಾ, ಟ್ರೈಲರ್ ತೋರಿಸ್ತೀನಿ” ಎಂದು ಅಪ್ಪ ಉತ್ಸಾಹದಿಂದ ತಾವೇ ಟೈಪಿಂಗ್ ಪಾಠ ಹಾಕಿದರು. ಚಿತ್ರ ಬಂತು. ಗುಂಡಿ ಒತ್ತಿದರು. ಕ್ಯಾಸೆಟ್ ನಯವಾಗಿ ಹೊರಬಂತು. “ನೋಡ್ದ್ಯಾ? ಯಾವ ಮೆಕ್ಯಾನಿಕ್ಕೂ ಬೇಡ. ನನ್ ಮಗಳು!”

ಅಪ್ಪ ಅವಳನ್ನು ಹಾಗೆ ಹೊಗಳಿದ್ದು ಯಾವಾಗಲೋ. ಅವಳ ಕೆನ್ನೆ ಬಿಸಿಯಾಯಿತು.

“ಹೋದ ಸಲ ನಿನ್ ಕೈಗೆ ಕೊಟ್ಟಿದ್ದ ಟೇಪ್‌ರೆಕಾರ್ಡರ್ ಏನಾಯ್ತು ಅಂತ ಗೊತ್ತು ಕಣೋ. ನೀನು ಮುಟ್ಬೇಡ, ಆ ಕಡೆ ಸರಿ” ಎಂದು ಅತ್ತೆ ಚೀಲದಿಂದ ಟವೆಲ್ಲಿನ ಗಂಟು ತೆಗೆದರು. ಪದರ ಪದರವಾಗಿ ಬಿಚ್ಚಿದರು. ಕ್ಯಾಸೆಟ್ಟಿನ ಚೀಟಿಯ ಮೇಲೆ ಅವರದೇ ದುಂಡು ಅಕ್ಷರ ಮಾಸಿಹೋಗಿತ್ತು. “ಹೂಂರಾಣಿ, ಹಾಕ್ಲೇನೇ?”

ಒಂಬತ್ತು ಸಲ ಸರಿಯಾಗಿ ಬರುತ್ತದೆ. ಈಗಲೂ ಬಂದರೂ ಬಂದೀತು. ಹಾಗಾದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅಭ್ಯಾಸಬಲದಿಂದ ಆ ಒಂದಕ್ಷರ ಗಂಟಲವರೆಗೆ ಬಂದೇಬಿಟ್ಟಿತ್ತು. ಅವಳು ಅದನ್ನು ನುಂಗಿಕೊಂಡಳು. ಎರಡು ಹೆಜ್ಜೆ ಮುಂದೆ ಬಂದು ಕ್ಯಾಸೆಟ್ ಹಾಕುವ ಬಾಯಿಗೆ ಅಂಗೈ ಅಡ್ಡ ಹಿಡಿದಳು.

“ಏನಾಯ್ತೇ?” ಎಂದರು ಅಪ್ಪ.

ಮಾತು ಅವಳೇ ಬೆಚ್ಚುವಷ್ಟು ಗಟ್ಟಿಯಾಗಿ ಬಂತು.

“ಹಾಕ್ಬೇಡಿ ಅತ್ತೆ. ಇದು ಇನ್ನೂ ರಿಪೇರಿ ಆಗಿಲ್ಲ. ಶುಕ್ರವಾರ ನಾನು ನಿಮಗೆ ಸುಳ್ಳು ಹೇಳ್ದೆ.”